ಕೊನೆ ನೋಡದ ಅಭಿಮಾನಿ

ಸ್ನೇಹಿತರೇ, ಕಂತಿಗೊಂದು ಕರಾಳ ಭವಿಷ್ಯದ ಕತೆ ಹೇಳುವ ಆ ವೆಬ್ ಸರಣಿಗೆ ಬಾಳೂರಿನ ನಮ್ಮ ಭಾವನಷ್ಟು ದೊಡ್ಡ ಅಭಿಮಾನಿ ಇನ್ನೊಬ್ಬರಿಲ್ಲ. ಇವತ್ತು ತಮ್ಮ ತೋಟದಲ್ಲಿ, ಕಾಫಿ ಕುಯ್ಯುತ್ತಿದ್ದ ಹೆಂಗಸರ ಎದುರೇ ನನ್ನನ್ನು ಕೇಳಿದರು: "ನಿನ್ನೆ ಎಪಿಸೋಡಲ್ಲಿ ಕೆಲಸದವ್ರ ಕೈಗೆ ಪಟ್ಟಿ ಕಟ್ತಾರಲ್ಲ, ಕೈ ನಿಂತ ಕೂಡ್ಲೆ ಶಾಕ್ ಹೊಡೆಯತ್ತಲ್ಲ, ಅಂಥದ್ದು ನಿಜವಾಗ್ಲೂ ಸಿಗತ್ತಾ ಮಾರಾಯ? ನಮಗೆ ಶಾಕ್ ಬೇಡ, ಗುಂಯ್ ಅಂದ್ರೆ ಸಾಕು. ಸರಣಿ ನೋಡೋರ ಗ್ರೂಪಲ್ಲಿ ಎಲ್ರೂ ಸೂಪರ್ ಅಂದ್ರು. ವಿಚಾರ್ಸಕ್ಕೆ ತೋಟದ ಲೆಕ್ಕ ಬರೆಯೋ ರೈಟರಿಗೆ ಹೇಳಿದೀನಿ."

ತಮಾಷೆಗೆ ಹೇಳಿದ್ದಲ್ಲ.

ಗಿಡದ ಸಂದಿನಿಂದ ಗಿರಿಜಕ್ಕ ಕೇಳಿದರು: "ಚಗಳಿ ಇರುವೆ ಮೈಗೆ ಹತ್ತಿದ್ರೆ ಕೊಡವಕ್ಕೂ ಕೈ ನಿಲ್ಲಿಸಂಗಿಲ್ವಾ ಗೌಡ್ರೆ?"

ಭಾವ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಕೊನೆಗೆ ಆ ಪಟ್ಟಿ ಯಜಮಾನನ ಕೈಗೇ ಬೀಳತ್ತೆ ಭಾವ. ನೋಡಿದ್ರಾ?"

"ಕೊನೆ ಬರೀ ಬೋರು, ಫಾರ್ವರ್ಡ್ ಮಾಡಿ ಓಡಿಸ್ಬಿಟ್ಟೆ. ಆದ್ರೂ ಫೈವ್ ಸ್ಟಾರ್ ಕೊಟ್ಟಿದೀನಿ!"

ಎಸ್ಟೇಟ್ ರೈಟರಿಗೆ ನಾನೇ ಫೋನ್ ಮಾಡಿ, ಪಟ್ಟಿ ತರಿಸುವುದಾದರೆ ಮೊದಲು ಭಾವನ ಕೈಗೇ ಕಟ್ಟಿ ನೋಡಿ ಎಂದಿದ್ದೇನೆ. ಕುಯ್ಲಿನ ಕಾಲವೆಲ್ಲ ಅವರ ಕೈ ಆಡುವುದು ಟಿ.ವಿ. ರಿಮೋಟಿನ ಮೇಲಷ್ಟೇ, ಪಾಪ, ಪಟ್ಟಿಗೆ ಗುಂಯ್‌ಗುಟ್ಟಿ ಸಾಕಾಗುತ್ತದೆ.