ಮಚ್ಛೇಂದ್ರನ ಬಾಯಲ್ಲಿ ಬೈಗುಳ ಬಾರದ ದಿನ

ಔರಾದ ತಹಶೀಲ್ ಕಚೇರಿಯ ಎದುರಿಗೆ ಎತ್ತರದ ಕಟ್ಟೆ, ಅದರ ಮೇಲೆ ತಗಡಿನ ಚಪ್ಪರ. ಆ ಚಪ್ಪರದಡಿ ಎರಡು ಮೇಜುಗಳು. ಒಂದು ಮಚ್ಛೇಂದ್ರನದು, ಇನ್ನೊಂದು ಹಾವಗೆಪ್ಪನದು. ಇಬ್ಬರೂ ಬಾಂಡ್ ರೈಟರ್‌ಗಳು. ಪಹಣಿ ತಿದ್ದುಪಡಿ, ವಾರಸಾ, ವಿಧವಾ ವೇತನ, ಯಾವ ಅರ್ಜಿ ಬೇಕಾದರೂ ಹಳ್ಳಿಯವರು ಇಬ್ಬರಲ್ಲಿ ಒಬ್ಬರ ಮುಂದೆ ಕೂಡಬೇಕು. ಒಬ್ಬನ ಹತ್ತಿರ ಬರೆಸಿ ಇನ್ನೊಬ್ಬನಿಗೆ ತೋರಿಸಿದವನಿಗೆ ಇಬ್ಬರಿಂದಲೂ ಬೈಗುಳ ತಪ್ಪಿದ್ದಲ್ಲ.

ಮಚ್ಛೇಂದ್ರ ಚಿಂತಾಕಿಯವನು. ಭಾಲ್ಕಿಯ ವಕೀಲರೊಬ್ಬರ ಹತ್ತಿರ ಹನ್ನೊಂದು ವರ್ಷ ಗುಮಾಸ್ತನಾಗಿದ್ದು ಕಾಗದಪತ್ರ ಕಲಿತಿದ್ದ. ಅವನ ಅಕ್ಷರ ನೋಡಿದರೆ ಅಚ್ಚು ಹಾಕಿದಂತೆ. ಆದರೆ ಹತ್ತೊಂಬತ್ತು ವರ್ಷದ ಹಿಂದೆ ಎಕಂಬಾದ ಧೊಂಡಿಬಾ ಎಂಬವನ ಅರ್ಜಿಯಲ್ಲಿ ಅವನು ಸರ್ವೆ ನಂಬರು ತಪ್ಪು ಬರೆದ. ಹಾವಗೆಪ್ಪ ಅದನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ ನಕ್ಕ. ನಂಬರು ನಿಜಕ್ಕೂ ತಪ್ಪಾಗಿತ್ತು. ಮಚ್ಛೇಂದ್ರ ಕ್ಷಮಿಸದೇ ಇದ್ದದ್ದು ಅದಕ್ಕೇ. ಅಂದಿನಿಂದ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಬೆಳಿಗ್ಗೆ ಬಂದೊಡನೆ ಬೈದಾಡಿಕೊಂಡೇ ಕೆಲಸ ಶುರು ಮಾಡುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಮಚ್ಛೇಂದ್ರನ ಎದೆಬಡಿತ ತಾಳ ತಪ್ಪಿತು. ಬೀದರಿನ ಡಾಕ್ಟರು ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಗುಳಿಗೆ ಬರೆದರು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಹಾವಗೆಪ್ಪನಿಗೆ ಕೆಣಕಲು ಅದೂ ಒಂದು ನೆಪವಾಯಿತು. “ರಗತ ತೆಳ್ಳಗ ಮಾಡೋ ಗುಳಿಗಿ ನಿನಗ ಯಾಕ ಬೇಕೋ ಮಚ್ಯಾ? ನಿಂದು ಮೊದಲೇ ನೀರು!”

ಜನವರಿಯ ಒಂದು ಗುರುವಾರ ಚಿಂತಾಕಿಯ ಹೆಣ್ಣುಮಗಳೊಬ್ಬಳು ವಾರಸಾ ಅರ್ಜಿ ಬರೆಸಲು ಬಂದು ಎರಡು ಮೇಜಿನ ನಡುವೆ ನಿಂತಳು. ಇಬ್ಬರೂ ಕರೆದರು. ಮಚ್ಛೇಂದ್ರ ಎದ್ದು ಅವಳ ಕೈಯ ಕಾಗದ ಹಿಡಿದ. ಆ ತುದಿಯನ್ನು ಹಾವಗೆಪ್ಪ ಎಳೆದ. ಕಾಗದ ಹರಿಯಿತು. ಹಿಂದೆ ಸರಿದ ಮಚ್ಛೇಂದ್ರನ ಹಿಮ್ಮಡಿ ಕಟ್ಟೆಯ ಅಂಚು ದಾಟಿ, ಅವನು ಕೆಳಗೆ ಬಿದ್ದ. ತಲೆಯ ಹಿಂಭಾಗ ಕಲ್ಲಿಗೆ ಬಡಿಯಿತು. ಗಾಯವಿಲ್ಲ, ರಕ್ತವಿಲ್ಲ. ಅಡಿಕೆಯಷ್ಟು ಬಾವು, ಅಷ್ಟೇ. ತಾನೇ ಎದ್ದು ಚಹಾ ಕುಡಿದು, ಹರಿದ ಕಾಗದ ಜೋಡಿಸಿಕೊಂಡು ಅರ್ಜಿ ಬರೆಯಲು ಕೂತ.

ಮನೆಗೆ ಹೋಗಿ ಮಗ ನಾಗಸೇನನಿಗೆ ಹೇಳಿದ್ದು ಒಂದೇ ಮಾತು: “ಹಾವಗ್ಯಾ ದಬ್ಬಿದ.”

ಸೊಸೆ ವಿಶಾಖಾ ಹೆದರಿದಳು. “ಮಾಮಾ, ಆ ಗುಳಿಗಿ ತಗೊಳ್ಳೋರು ತೆಲಿಗಿ ಪೆಟ್ಟಾದ್ರ ಕೂಡ್ಲೇ ಬರ್ರಿ ಅಂತ ಡಾಕ್ಟರ್ ಹೇಳಿದ್ರಲ್ರಿ. ಬೀದರಕ್ಕ ಹೋಗಿ ಬರೂನು.”

“ರಗತ ಎಲ್ಲಿ ಬಂದದ? ತೋರ್ಸು!” ಎಂದು ಮಚ್ಛೇಂದ್ರ ಗದರಿಸಿದ. “ನನ್ನ ಚಿಂತಿ ಬ್ಯಾಡ, ನಿನ್ನ ಕೆಲಸ ನೋಡು.”

ಹತ್ತು ದಿನದ ಮೇಲೆ ತಲೆನೋವು ಶುರುವಾಯಿತು. ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ತಾನೇ ನುಂಗಿದ, ದಿನಕ್ಕೆ ಎರಡು, ಆಮೇಲೆ ಮೂರು. ಒಂದು ಮಧ್ಯಾಹ್ನ ಊಟದ ತಾಟು ಎತ್ತಿ ಬಿಸಾಡಿದ. ಹಗಲೆಲ್ಲ ಮಲಗತೊಡಗಿದ. ಮೊದಲಿನಿಂದಲೂ ಸಿಡುಕನಾದ್ದರಿಂದ ಮನೆಯಲ್ಲಿ ಯಾರಿಗೂ ಅದು ಹೊಸದೆನಿಸಲಿಲ್ಲ. “ವಯಸ್ಸಾತು, ಸಿಟ್ಟು ಹೆಚ್ಚಾಗ್ಯಾದ” ಎಂದು ನಾಗಸೇನ ಸುಮ್ಮನಾದ. ವಿಶಾಖಾ ಮತ್ತೆ ಎರಡು ಸಲ ದವಾಖಾನೆಯ ಮಾತೆತ್ತಿ ಬೈಸಿಕೊಂಡಳು.

ಬಿದ್ದ ಹತ್ತೊಂಬತ್ತನೆಯ ದಿನ ಮಚ್ಛೇಂದ್ರ ಚಪ್ಪರಕ್ಕೆ ತಡವಾಗಿ ಬಂದ. ಹಾವಗೆಪ್ಪ ತಿರುಗದೇ ಕೆಣಕಿದ: “ಮಚ್ಯಾ, ಇವತ್ತ ಯಾರ ಹೊಲ ಯಾರ ಹೆಸರಿಗಿ ಬರೀತಿ?”

ಬೈಗುಳ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಮೆತ್ತಗಿನ ದನಿ ಕೇಳಿತು: “ಬರ್ರಿ, ಕೂಡ್ರಿ.”

ಹಾವಗೆಪ್ಪ ದಿಗಿಲುಬಿದ್ದು ತಿರುಗಿದ. ಹತ್ತೊಂಬತ್ತು ವರ್ಷದಲ್ಲಿ ಆ ಬಾಯಿಂದ ತನಗೆ ‘ರಿ’ ಬಂದದ್ದೇ ಇಲ್ಲ. ಮಚ್ಛೇಂದ್ರನ ಮುಂದಿನ ಹಾಳೆಯಲ್ಲಿ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದ್ದವು. ಬಲಗಾಲ ಚಪ್ಪಲಿ ದಾರಿಯಲ್ಲೇ ಎಲ್ಲೋ ಕಳಚಿ ಬಿದ್ದಿತ್ತು. ಅವನಿಗೆ ಅದರ ಖಬರೇ ಇರಲಿಲ್ಲ.

ಹಾವಗೆಪ್ಪ ನೇರವಾಗಿ ನಾಗಸೇನ ಕಲಿಸುವ ಶಾಲೆಗೆ ಹೋದ. ಅವನನ್ನು ಗೇಟಿನಲ್ಲಿ ಕಂಡದ್ದೇ ನಾಗಸೇನನ ಮೈ ಉರಿಯಿತು.

“ದಬ್ಬಿ ಕೆಡವಿದ್ದು ಸಾಕಾಗ್ಲಿಲ್ಲೇನು? ಇಲ್ಲಿತನಕಾ ಬಂದಿ?”

“ನಾ ದಬ್ಬಿಲ್ಲ. ಕಾಗದ ಎಳದೀನಿ, ಖರೆ. ಅದಿರ್ಲಿ. ನಿಮ್ಮಪ್ಪ ಇವತ್ತ ನನಗ ‘ಬರ್ರಿ’ ಅಂದಾನ.”

“ಅಂದ್ರ ಏನಾತು?”

“ಅವನ ತೆಲ್ಯಾಗ ಏನೋ ಕೆಟ್ಟದ. ಇಲ್ಲಂದ್ರ ನನಗ ಹಂಗ ಅಂತಾನೇನು? ಮಾಸ್ತರ ಆಗೀದಿ, ತಿಳಿಯಂಗಿಲ್ಲಾ ನಿನಗ?”

ನಾಗಸೇನ ಅವನ ಎದೆಗೆ ಕೈಹಚ್ಚಿ ಗೇಟಿನ ಹೊರಗೆ ನೂಕಿದ. ಆದರೆ ಮನಸ್ಸು ತಡೆಯದೆ ಚಪ್ಪರಕ್ಕೆ ಓಡಿದ. ಅಪ್ಪ ಪೆನ್ನು ಹಿಡಿದು ಕೂತಿದ್ದ, ಕೈ ಚಲಿಸುತ್ತಿರಲಿಲ್ಲ. ಇದು ಯಾವ ತಿಂಗಳೆಂದು ಕೇಳಿದರೆ “ದೀಪಾವಳಿ” ಎಂದ.

ಬೀದರಿನ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಡಾಕ್ಟರ್ ಕುಬರಾ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ತಲೆಬುರುಡೆಯ ಒಳಗೆ, ಎಡಗಡೆ, ರಕ್ತ ನಿಂತು ಮಿದುಳನ್ನು ಒತ್ತುತ್ತಿತ್ತು.

“ಬಿದ್ದು ಎಷ್ಟು ದಿನಾ ಆತು?”

“ಹತ್ತೊಂಬತ್ತು ದಿನಾರಿ.”

“ಹತ್ತೊಂಬತ್ತು ದಿನಾ ಏನ್ ಮಾಡ್ತಿದ್ರಿ? ಈ ಗುಳಿಗಿ ತಗೊಳ್ಳೋರ ರಗತ ಲಗೂನ ನಿಲ್ಲಂಗಿಲ್ರಿ. ಹೊರಗ ಕಾಣದಿದ್ರೂ ಒಳಗ ಹನಿ ಹನಿ ಸೋರ್ತದ. ಮ್ಯಾಲ ನೋವಿನ ಗುಳಿಗಿ ಬ್ಯಾರೆ! ಅದು ಇನ್ನಷ್ಟು ಸೋರಸ್ತದ. ಯಾರು ಕೊಟ್ರು?”

ನಾಗಸೇನ ತಲೆ ತಗ್ಗಿಸಿದ. ವಿಶಾಖಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ಅವನಿಗೆ ಡಾಕ್ಟರ ಮಾತಿಗಿಂತ ಹೆಚ್ಚು ಚುಚ್ಚಿತು.

ಗುಳಿಗೆಯ ಪ್ರಭಾವ ಇಳಿಸಲು ಇಂಜೆಕ್ಷನ್ ಕೊಟ್ಟರು, ಪ್ಲಾಸ್ಮಾ ಏರಿಸಿದರು. ಸಂಜೆ ಬುರುಡೆಗೆ ಎರಡು ಚಿಕ್ಕ ತೂತು ಕೊರೆದು ನಿಂತ ರಕ್ತ ಹರಿಸಿದರು. ನಾಲ್ಕನೆಯ ದಿನ ಮಚ್ಛೇಂದ್ರನಿಗೆ ಸರಿಯಾಗಿ ಎಚ್ಚರವಾಯಿತು. ಚಪ್ಪರದ ಸುದ್ದಿ ತಿಳಿಸಿದವನು ಯಾರೆಂದು ಮಗ ಹೇಳಿದ.

ಮಚ್ಛೇಂದ್ರ ಮುಖ ಗಂಟಿಕ್ಕಿದ. “ಬೀಳಿಸ್ದಾಂವನೇ ಹೋಗಿ ಹೇಳ್ಯಾನ. ಕಳ್ಳ! ಕೇಸ್ ಆಗ್ತದಂತ ಹೆದ್ರ್ಯಾನ.”

“ಅಪ್ಪಾ, ಅಂವ ಬರದಿದ್ರ ನೀ ಉಳೀತಿದ್ದಿಲ್ಲ.”

“ಅಂವ ಎಳೀದಿದ್ರ ನಾ ಬೀಳ್ತಿದ್ದಿಲ್ಲ.”



ಒಂದೂವರೆ ತಿಂಗಳಿಗೆ ಅವನು ಕೋಲು ಹಿಡಿದು ನಡೆಯುವಂತಾದ. ಬಲಗೈಯಲ್ಲಿ ಬಲ ಪೂರ್ತಿ ಮರಳಲಿಲ್ಲ, ಅಚ್ಚಿನಂಥ ಅಕ್ಷರ ಹೋಯಿತು. ಆ ಸೊಟ್ಟ ಅಕ್ಷರದಲ್ಲೇ, ಎರಡು ದಿನ ಕೂತು, ಹಾವಗೆಪ್ಪನ ಮೇಲೆ ಪೊಲೀಸ್ ಠಾಣೆಗೆ ದೂರು ಬರೆದ. ಹವಾಲ್ದಾರ ಇಬ್ಬರನ್ನೂ ಕರೆಸಿ ರಾಜಿ ಆಗಲು ಹೇಳಿದ. ಇಬ್ಬರೂ ಒಲ್ಲೆವೆಂದರು. ಸಾಕ್ಷಿ ನುಡಿಯಬೇಕಾದ ಚಿಂತಾಕಿಯ ಹೆಣ್ಣುಮಗಳು ತಾನು ಏನೂ ಕಂಡಿಲ್ಲವೆಂದಳು. ದೂರು ಅಲ್ಲೇ ಉಳಿಯಿತು.

ಇನ್ನೊಂದು ಸ್ಕ್ಯಾನ್ ನೋಡಿ ಡಾಕ್ಟರು ಗುಳಿಗೆಯನ್ನು ಮತ್ತೆ ಶುರು ಮಾಡಿದ್ದಾರೆ. ಈಗ ದವಾಖಾನೆಯ ಕೆಲಸವೆಲ್ಲ ವಿಶಾಖಾಳದು, ಯಾರ ಅಪ್ಪಣೆಯನ್ನೂ ಅವಳು ಕೇಳುವುದಿಲ್ಲ. ಮಚ್ಛೇಂದ್ರ ಚಪ್ಪರಕ್ಕೆ ಮರಳಿದ ದಿನವೇ ಹಾವಗೆಪ್ಪ ತನ್ನ ಮೇಜನ್ನು ದರದರ ಎಳೆದುಕೊಂಡು ಆಚೆ ತುದಿಗೆ ಹೋದ. ಯಾಕೆಂದು ಕೇಳಿದವರಿಗೆ ಅವನು ಹೇಳಿದ್ದು ಇಷ್ಟು:

“ಅಂವ ಮತ್ತ ಬೀಳ್ತಾನ್ರಿ. ಬಿದ್ರ ನನ್ನ ಹೆಸರೇ ಹೇಳ್ತಾನ.”