ನಾಲ್ಕನೆಯ ಬಾಟಲಿ

ನಲವತ್ತೊಂದನೆಯ ವಯಸ್ಸಿಗೇ ನಮ್ಮವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ನಾವಿರುವ ಸಿಂಗಪುರದ ಯಿಶುನ್‌ನಲ್ಲಿ ಆಸ್ಪತ್ರೆ ನಮ್ಮ ಬ್ಲಾಕಿನಿಂದ ಎರಡೇ ಬಸ್‌ಸ್ಟಾಪು ದೂರವಿದ್ದದ್ದು ಅವತ್ತು ನನ್ನ ಪುಣ್ಯ. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಸಿಗರೇಟು ಬಿಡದಿದ್ದರೆ ಮುಂದಿನ ಸಲ ಇಲ್ಲಿಯವರೆಗೆ ಬರುವಷ್ಟು ಸಮಯವೂ ಸಿಗಲಿಕ್ಕಿಲ್ಲ ಎಂದರು. ಇವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಬಿಡುವುದಕ್ಕೆ ಅವರು ಹಿಡಿದ ದಾರಿ ವೇಪಿಂಗ್. ಬ್ಯಾಟರಿ ಕೊಳವೆಯಲ್ಲಿ ದ್ರವ ಕಾಯಿಸಿ ಅದರ ಆವಿ ಎಳೆಯುವುದು. ಅದನ್ನು ಸಿಂಗಪುರದಲ್ಲಿ ಮಾರುವಂತಿರಲಿಲ್ಲ. ಇಟ್ಟುಕೊಳ್ಳುವುದೂ ಅಪರಾಧ ಎಂಬ ಕಾನೂನು ಬಂದದ್ದು ಆಮೇಲೆ. ಯಾರೋ ಕೊಟ್ಟ ಮಾವಿನಹಣ್ಣಿನ ದ್ರವ, ಸ್ಟ್ರಾಬೆರಿ ದ್ರವ ಎಲ್ಲ ಆಯಿತು. "ಇದು ಮಕ್ಕಳ ಕೆಮ್ಮಿನ ಸಿರಪ್ ಕಣೇ" ಎಂದು ಬದಿಗಿಟ್ಟರು. ಕೊನೆಗೆ ನಿಜವಾದ ಹೊಗೆಸೊಪ್ಪಿನಿಂದ ಮನೆಯಲ್ಲೇ ರಸ ತೆಗೆಯುತ್ತೇನೆಂದು ಹೊರಟರು. ಆಫೀಸಿನ ಇಬ್ಬರು ಗೆಳೆಯರು ಜೊತೆಯಾದರು. ಅವರೂ ಸಿಗರೇಟು ಬಿಡಲು ಹೊರಟವರೇ.

ಪೈಪಿಗೆ ತುಂಬುವ ಹೊಗೆಸೊಪ್ಪನ್ನು ಗಾಜಿನ ಜಾಡಿಯಲ್ಲಿ ಗ್ಲಿಸರಿನ್ ತರಹದ ದ್ರವಕ್ಕೆ ಹಾಕಿ ಮೂರು ವಾರ ನೆನೆಸುವುದು, ಆಮೇಲೆ ಕಾಫಿ ಫಿಲ್ಟರ್ ಕಾಗದದಲ್ಲಿ ಎರಡು ಮೂರು ಸಲ ಸೋಸುವುದು, ಸೋಸಿದ್ದನ್ನು ತೆಳು ಮಾಡಿ ಇನ್ನೆರಡು ವಾರ ಕತ್ತಲೆಯಲ್ಲಿಡುವುದು. ಕತ್ತಲೆ ಎಂದರೆ ನನ್ನ ಉಪ್ಪಿನಕಾಯಿ ಇಡುವ ಕಪಾಟು. ವಿಷಕ್ಕೂ ಮಾವಿನಕಾಯಿಗೂ ಒಂದೇ ಸೂರು ಎಂದು ನಾನು ಕೂಗಾಡಿದೆ. ಆದರೂ ಜಾಗ ಬಿಟ್ಟುಕೊಟ್ಟೆ. ಅವರು ಸಿಗರೇಟು ಮುಟ್ಟದಿದ್ದರೆ ನನ್ನ ದೇವರ ಗೂಡನ್ನೂ ಬಿಟ್ಟುಕೊಡುತ್ತಿದ್ದೆ.

ಆ ರಸವನ್ನು ಮೂಸಿ ನೋಡುವ ಪರೀಕ್ಷಕಿಯ ಕೆಲಸ ನನಗೆ ಬಂದದ್ದು ತವರಿನ ದೆಸೆಯಿಂದ. ನಾನು ಪಿರಿಯಾಪಟ್ಟಣದ ಕಡೆಯವಳು. ನಮ್ಮಪ್ಪನದು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಇತ್ತು. ಅಮ್ಮ ಒಣಗಿದ ಎಲೆಯ ಬಣ್ಣ, ಕಲೆ, ವಾಸನೆ ನೋಡಿ ಗ್ರೇಡ್ ಮಾಡುತ್ತಿದ್ದಳು. ಅವಳ ಪಕ್ಕದಲ್ಲಿ ಕೂತೇ ನಾನು ಮಗ್ಗಿ ಕಲಿತದ್ದು. ಜೀವನದಲ್ಲಿ ಒಂದು ದಮ್ಮೂ ಎಳೆದವಳಲ್ಲ, ಆದರೆ ಎಲೆ ಮೂಸಿದರೆ ಗಿಡದ ಬುಡದ್ದೋ ತುದಿಯದ್ದೋ ಹೇಳಬಲ್ಲೆ.

ಒಂದು ಭಾನುವಾರ ಬೆಳಿಗ್ಗೆ ನಾಲ್ಕು ಬಾಟಲಿ ಸಾಲಾಗಿ ನಿಂತವು. ಯಾವುದು ಯಾವ ಸೊಪ್ಪೆಂದು ತಿಳಿಯದಂತೆ ಬರೀ ನಂಬರು ಅಂಟಿಸಿದ್ದರು. ನಾಲಿಗೆ ಶುದ್ಧವಾಗಲೆಂದು ನಡುನಡುವೆ ನೀರು ಮತ್ತು ಬ್ರೆಡ್ಡು.

"ಅತ್ತಿಗೆ, ನೀವು ಮೂಸಿ ಹೇಳಿ ಸಾಕು, ನಾವು ಎಳೆದು ಕನ್ಫರ್ಮ್ ಮಾಡ್ತೀವಿ" ಎಂದ ಗೆಳೆಯರಲ್ಲೊಬ್ಬ.

ಒಂದನೆಯದು ಒಣದ್ರಾಕ್ಷಿ, ಸ್ವಲ್ಪ ಹುಳಿ. ಎರಡನೆಯದನ್ನು ಸರಿಯಾಗಿ ಸೋಸಿರಲಿಲ್ಲ, ಗಸಿ ಉಳಿದಿತ್ತು. ಕೊಳವೆಯೊಳಗೆ ಕಾಯುವ ತಂತಿಸುರುಳಿಗೆ ಅಂಟಿ ಸೀಯುತ್ತದೆ ಎಂದೆ. ಮೂರನೆಯದು ಹಸಿ ಹುಲ್ಲಿನ ಮೆದೆ, ಇನ್ನೂ ಮಾಗಬೇಕು. ಅಷ್ಟರಲ್ಲಿ ಬ್ರೆಡ್ಡು ಮುಗಿಯಿತು. ಇವರು ಕೆಳಗಿನ ಅಂಗಡಿಗೆ ಹೋಗಿ ಇಪ್ಪತ್ತು ನಿಮಿಷ ಬಿಟ್ಟು ಬಂದರು. ಬಂದವರೇ ಕಾಗದದ ಪಟ್ಟಿಯನ್ನು ನಾಲ್ಕನೆಯ ಬಾಟಲಿಯಲ್ಲಿ ಅದ್ದಿ ನನ್ನ ಮೂಗಿನ ಹತ್ತಿರ ಹಿಡಿದರು.

"ಅಯ್ಯೋ, ಇದು ನೋಡ್ರಿ!" ಎಂದೆ. "ಇದರಲ್ಲಿ ಹೊಗೆ ಇದೆ. ಥೇಟ್ ಸಿಗರೇಟೇ."

ಗೆಳೆಯರು ಒಬ್ಬರಾದ ಮೇಲೊಬ್ಬರು ಎಳೆದರು. "ಹೌದು ಅತ್ತಿಗೆ, ಲಾಸ್ಟಲ್ಲಿ ಸ್ಮೋಕಿ ಫೀಲ್ ಬರತ್ತೆ" ಎಂದು ಒಬ್ಬ ಕಣ್ಣು ಮುಚ್ಚಿದ. ಇನ್ನೊಬ್ಬ ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಒಂಬತ್ತು ಎಂದು ಬರೆದ. ನಮ್ಮವರು ಮಾತ್ರ ತಲೆ ಬಗ್ಗಿಸಿ ಬ್ರೆಡ್ಡಿನ ಪೊಟ್ಟಣ ಬಿಚ್ಚತೊಡಗಿದರು. ನಾನು ಆ ಸಂತೋಷಕ್ಕೆ ಮಧ್ಯಾಹ್ನ ಪಾಯಸ ಮಾಡಿದೆ.

ಮಂಗಳವಾರ ಇವರು ಆಫೀಸಿಗೆ ಹೋದ ಮೇಲೆ ಕಪಾಟು ಒರೆಸುವಾಗ ನಾಲ್ಕನೆಯ ಬಾಟಲಿ ಕೈಗೆ ಬಂತು. ಆಸೆಯಿಂದ ಮುಚ್ಚಳ ತೆಗೆದು ಮೂಸಿದೆ. ಬೆಲ್ಲ, ಒಣ ಎಲೆ, ಅಷ್ಟೇ. ಹೊಗೆಯ ಸುಳಿವೇ ಇಲ್ಲ. ಮತ್ತೆ ಮೂಸಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತೆ.

ಹೊತ್ತಿಸದ ಎಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು? ನಮ್ಮ ಬ್ಯಾರನ್ನಿನಲ್ಲೂ ಎಲೆಗೆ ಬಿಸಿ ತಾಗುತ್ತಿತ್ತೇ ಹೊರತು ಹೊಗೆಯಲ್ಲ. ಹತ್ತು ವರ್ಷದವಳಿದ್ದಾಗಲೇ ಗೊತ್ತಿದ್ದ ಸಂಗತಿ. ತಂದವನ ಕೈಯಲ್ಲಿರುವ ಎಲೆಯನ್ನು ಮೂಸಬೇಡ, ನಿನ್ನ ಕೈಗೆ ತೆಗೆದುಕೊಂಡು ಮೂಸು ಎಂದು ಅಮ್ಮ ಸಾವಿರ ಸಲ ಹೇಳಿದ್ದಳು. ನಾನು ನನ್ನ ಗಂಡನ ಬೆರಳನ್ನು ಮೂಸಿ, ಒಂಬತ್ತು ಅಂಕ ಕೊಡಿಸಿ, ಪಾಯಸವನ್ನೂ ಬಡಿಸಿದ್ದೆ. ಮೈಯೆಲ್ಲ ಉರಿದುಹೋಯಿತು. ಉರಿ ಇಳಿದ ಮೇಲೆ ಭಯವಾಯಿತು.

ಸಂಜೆ ಬಾಗಿಲಲ್ಲೇ ತಡೆದೆ. "ರೀ, ಕೈ ಕೊಡಿ."

ಕೊಟ್ಟರು. ಮೂಸಿದೆ. "ದಿನಕ್ಕೆ ಎಷ್ಟು?"

ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟರು. "ಮೂರು. ಒಂದೊಂದ್ಸಲ ನಾಲ್ಕು."

"ಅವತ್ತು ಬ್ರೆಡ್ ತರೋಕೆ ಅಂತ ಹೋಗಿದ್ದು?"

"ಬ್ರೆಡ್ಡೂ ತಂದೆ ಅಲ್ವಾ?"

"ನೀವು ಸತ್ತೋಗ್ತೀರಿ ರೀ" ಎಂದು ಅತ್ತುಬಿಟ್ಟೆ. "ಹೇಳೋಕೇನಾಗಿತ್ತು?"

"ನೀನು ಅಷ್ಟೊಂದು ಖುಷಿಯಾಗಿದ್ದೆ. ಪಾಯಸ ಬೇರೆ ಮಾಡ್ದೆ. ಹೇಗೆ ಹೇಳ್ಲಿ?"

ಅಂದಿನಿಂದ ನಾನು ಪೊಲೀಸಳಾದೆ. ದಿನಾ ಸಂಜೆ ಕೈ ತಪಾಸಣೆ. ಎರಡು ವಾರದಲ್ಲಿ ಅವರು ಆಫೀಸಿನಲ್ಲೇ ಸೋಪು ಹಾಕಿ ತೊಳೆದುಕೊಂಡು ಬರುವುದನ್ನು ಕಲಿತರು. ಸೋಪಿನ ವಾಸನೆ ಜೋರಾಗಿದ್ದರೆ ಸೇದಿದ್ದಾರೆ ಎಂದು ನಾನು ಕಲಿತೆ. ಚಾಪೆ ಕೆಳಗೆ ಅವರು ತೂರಿದರೆ ರಂಗೋಲಿ ಕೆಳಗೆ ನಾನು. ಒಂದು ದಿನ ನನಗೇ ಸಾಕಾಯಿತು. "ಇನ್ಮೇಲೆ ನಾನು ಮೂಸಲ್ಲ" ಎಂದೆ. "ಹೇಳೋದಾದ್ರೆ ನೀವೇ ಹೇಳಿ."

ಮೂಸುವುದಕ್ಕಿಂತ ಸುಮ್ಮನಿರುವುದು ಕಷ್ಟವಾಯಿತು. ಮೂಗನ್ನೇನು ಕಳಚಿಡಲು ಬರುತ್ತದೆಯೇ? ಅಂಗಿಯಿಂದ ವಾಸನೆ ಬರುತ್ತಲೇ ಇತ್ತು, ಇವರು ಹವಾಮಾನದ ಬಗ್ಗೆ ಮಾತಾಡುತ್ತಲೇ ಇದ್ದರು. ಹಲ್ಲು ಕಚ್ಚಿಕೊಂಡು ಚಪಾತಿ ಲಟ್ಟಿಸಿದೆ.

ಒಂಬತ್ತನೆಯ ದಿನ ಬೂಟು ಬಿಚ್ಚುತ್ತಾ, ನಾನು ಕೇಳದೆಯೇ, ತಲೆ ತಗ್ಗಿಸಿಕೊಂಡು ಹೇಳಿದರು: "ಇವತ್ತು ಎರಡು ಸೇದ್ದೆ ಕಣೇ."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಸರಿ, ಕೈಕಾಲು ತೊಳ್ಕೊಂಡು ಬನ್ನಿ, ಊಟ ಆರೋಗತ್ತೆ" ಎಂದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ, ಇವರು ಉಳಿಯಬಹುದು ಅನ್ನಿಸಿತು.