ಶೇಂಗಾ ಹಿಂಡಿಯ ಅಣುಸೂತ್ರ

ಹುರಿದ ಶೇಂಗಾದ ಜೊತೆ ಬಳ್ಳೊಳ್ಳಿ ಜಜ್ಜಿದ ವಾಸನೆ ಎಲ್ಲಿಂದ ತೇಲಿ ಬಂದರೂ ಸೋಲಾಪುರದ ನಮ್ಮ ಹಳೆಯ ಅಡುಗೆಮನೆ ಕಣ್ಣೆದುರು ನಿಲ್ಲುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅವ್ವ ಮತ್ತು ನನ್ನ ಚಿಕ್ಕಮ್ಮ ಕಾಕು ಒಂದೇ ಒಳ್ಳಿನ ಎದುರುಬದುರು ನಿಂತು, ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಬೀಳುವ ಹಾಗೆ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟುತ್ತಿದ್ದರು. ಆರು ಬಟ್ಟಲು ಶೇಂಗಾ, ಮೂರು ಹಿಡಿ ಬಳ್ಳೊಳ್ಳಿ, ಮೂರು ಹಿಡಿ ಖಾರಪುಡಿ; ಉಪ್ಪು, ಜೀರಿಗೆ ಕೈಗೆ ಬಂದಷ್ಟು.

ಪಡಸಾಲೆಯಲ್ಲಿ ಅಪ್ಪನ ತಮ್ಮ, ಕಾಕಾ, ನನಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಹೈಸ್ಕೂಲ್ ಮಾಸ್ತರರಾಗಿದ್ದ ಅವರಿಗೆ ಆ ವರ್ಷ ಅಕ್ಕಲಕೋಟೆಗೆ ವರ್ಗವಾಗಿತ್ತು. ಜಗಳವಿಲ್ಲ, ಮುನಿಸಿಲ್ಲ, ಆದರೂ ಮನೆ ಎರಡಾಗುವುದಿತ್ತು. ಹೇಗಾದರೂ ಅದನ್ನು ತಪ್ಪಿಸಬೇಕೆಂದು ನನ್ನ ಜೀವ ಒದ್ದಾಡುತ್ತಿತ್ತು. ಸೂತ್ರಗಳು ತಲೆಗೆ ಹತ್ತದಿದ್ದಾಗ ಕಾಕಾ ಒಳ್ಳಿನ ಕಡೆ ಕೈ ಮಾಡಿದರು.

"ಆರಕ್ಕ ಮೂರು, ಮೂರು. ಸಣ್ಣದು ಮಾಡಿದ್ರ ಎರಡಕ್ಕ ಒಂದು, ಒಂದು. ಇದು ಸರಳ ಸೂತ್ರ, ಬರೇ ಪ್ರಮಾಣ ಹೇಳ್ತದ. ಒಳ್ಳಿನಾಗ ಖರೇನ ಎಷ್ಟು ಬಿದ್ದದ ಅನ್ನೋದು ಅಣುಸೂತ್ರ."

ಮುಳುಗುವವಳಿಗೆ ಹಗ್ಗ ಸಿಕ್ಕಂತಾಯಿತು. "ಹಂಗಾದ್ರ ಅರ್ಧ ಮಂದಿ ಅಕ್ಕಲಕೋಟಕ್ಕ ಹೋದ್ರೂ ಮನಿ ಅದ ಇರ್ತದಲ್ಲಾ ಕಾಕಾ?"

ಕಾಕಾ ಪುಸ್ತಕ ಮುಚ್ಚಿದರು. "ಗ್ಲೂಕೋಸಿಂದೂ ಒಂದ ಪ್ರಮಾಣ, ವಿನೆಗರಿನ ಆಮ್ಲದ್ದೂ ಅದ ಪ್ರಮಾಣ, ಬಿದ್ದ ಲೆಕ್ಕ ಅಷ್ಟ ಬ್ಯಾರೆ, ನನ್ನವ್ವಾ. ಒಂದು ಸಿಹಿ, ಒಂದು ಹುಳಿ." ಆ ದಿನ ರಸಾಯನಶಾಸ್ತ್ರದ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕಾಕಾ, ಕಾಕು ಅಕ್ಕಲಕೋಟೆಗೆ ಹೋದರು. ಆದರೆ ಅವ್ವನಿಗೆ ಈ ಪಾಠ ಯಾರೂ ಹೇಳಿರಲಿಲ್ಲವಲ್ಲ! ಮುಂದಿನ ಭಾನುವಾರವೂ ಆರೇ ಬಟ್ಟಲು ಸುರಿದು, ಒಬ್ಬಳೇ ಕುಟ್ಟಿ, ಅರ್ಧ ಹಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಅಪ್ಪನ ಕೈಗೆ ಕೊಟ್ಟಳು. ಅರ್ಧ ದಾರಿಯ ವಳಸಂಗ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಘಮಘಮ. ಅಲ್ಲಿ ನೋಡಿದರೆ ಕಾಕುವೂ ಆರು ಬಟ್ಟಲು ಕುಟ್ಟಿ ಅರ್ಧ ನಮಗೆಂದು ಎತ್ತಿಟ್ಟಿದ್ದಳು. ಅದೇ ಹಿಂಡಿ ಹೋಗುತ್ತಿತ್ತು, ಅದೇ ಹಿಂಡಿ ಬರುತ್ತಿತ್ತು. ಕಾಕಾ ಚೇಷ್ಟೆ ಮಾಡಿದರೆ ಕಾಕುವಿನದು ಒಂದೇ ಉತ್ತರ: "ಇಷ್ಟಿಷ್ಟ ಕುಟ್ಟಾಕ ಕೈನ ಏಳಂಗಿಲ್ರಿ." ವರ್ಷಗಳು ಉರುಳಿದರೂ ಇಬ್ಬರಲ್ಲಿ ಯಾರೂ ಅಳತೆ ಇಳಿಸಲಿಲ್ಲ.

ಸೋಲಾಪುರದಲ್ಲೂ ಅಕ್ಕಲಕೋಟೆಯಲ್ಲೂ ಈಗ ಅವರ್ಯಾರೂ ಇಲ್ಲ. ನಾನು ಎರಡು ಬಟ್ಟಲು ಶೇಂಗಾವನ್ನು ಮಿಕ್ಸರಿಗೆ ಹಾಕುತ್ತೇನೆ. ಪ್ರಮಾಣ ತಪ್ಪುವುದಿಲ್ಲ, ರುಚಿ ಮಾತ್ರ ಅದಲ್ಲ. ಹೋದ ಭಾನುವಾರ ಏನನ್ನಿಸಿತೋ, ಆರು ಬಟ್ಟಲು ಹುರಿದೆ. ಅಟ್ಟದ ಮೇಲಿದ್ದ ಒಳ್ಳು ಇಳಿಸಿ ತೋಳು ಸೋಲುವವರೆಗೆ ಕುಟ್ಟಿದೆ. ಅದೇ ರುಚಿ ಬಂತು. ಖುಷಿಯಲ್ಲಿ ಅರ್ಧ ತೆಗೆದು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಅಕ್ಕಲಕೋಟೆಯ ಬಸ್ಸು ಎಷ್ಟಕ್ಕೆ ಎಂದು ಗಡಿಯಾರ ನೋಡಿದೆ.